ಸೀನನಿಗೆ: ಬೆಣ್ಣೆ ದೋಸೆ ಬಿಡಬೇಡ

ಲೋ ಸೀನ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಪಟ್ಟಿ ಬೆಳಗ್ಗೆ ನೋಡಿದೆ. ನಾಳೆಯಿಂದ ಅನ್ನ ಬಂದ್, ಸಕ್ಕರೆ ಬಂದ್, ರಾತ್ರಿ ಊಟ ಬಂದ್, ಬೆಳಗ್ಗೆ ಐದಕ್ಕೆ ಜಿಮ್, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಬೆಣ್ಣೆ ದೋಸೆ ಈ ಜನ್ಮದಲ್ಲಿ ಮುಟ್ಟಲ್ಲ ಅಂತ ಬೇರೆ. ದಾವಣಗೆರೆಯಲ್ಲಿ ಇದ್ದುಕೊಂಡು! ಮೊದಲು ನಗು ಬಂತು. ಆಮೇಲೆ ಸ್ವಲ್ಪ ಭಯವೂ ಆಯಿತು, ಯಾಕೆಂದರೆ ಇಂಥದ್ದೇ ಪಟ್ಟಿಯನ್ನು ನಾನೂ ಎರಡು ಸಲ ಬರೆದವನು.

ಒಂದು ಸಲ ಜಿಮ್. ಜನವರಿ ಒಂದನೇ ತಾರೀಖು ಇಡೀ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ, ಹೊಸ ಶೂ ಕೊಂಡು ಹೋದೆ. ಹನ್ನೊಂದು ದಿನ ಹೋದೆ. ಹನ್ನೆರಡನೇ ದಿನ ಸೊಂಟ ಹಿಡಿದುಕೊಂಡಿತು, ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಅನ್ನ ಬಿಟ್ಟೆ. ಮನೆಯವರ ಮೇಲೆಲ್ಲ ರೇಗಾಡಿಕೊಂಡು ಮೂರು ವಾರ ತಳ್ಳಿದೆ. ಆಮೇಲೆ ಒಂದು ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತವನು ಎಷ್ಟು ಒಬ್ಬಟ್ಟು ತಿಂದೆ ಅನ್ನೋದು ಬಡಿಸುತ್ತಿದ್ದ ಹುಡುಗನಿಗೇ ಗೊತ್ತು.

ಹೋದ ವರ್ಷ ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.1 ಬಂತು. 5.7ರಿಂದ 6.4ರವರೆಗೆ ಗಡಿ, ಅದರಾಚೆಗೆ ಸಕ್ಕರೆ ಕಾಯಿಲೆ. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ, ಹಿಂದಿನ ದಿನ ಉಪವಾಸ ಇದ್ದು ಹೋಗಿ ಅದರ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ. ಮೂರು ತಿಂಗಳ ಲೆಕ್ಕ ಕೇಳುವವನ ಮುಂದೆ ಮೂರು ದಿನದ ಶೂರತನ ತೋರಿಸಿ ಏನು ಪ್ರಯೋಜನ ಅಂತ ಆಗ ಹೊಳೆಯಿತು.

ಕಾಫಿಯಿಂದ ಶುರು ಮಾಡಿದೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಅಲ್ಲಿಗೆ ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ, ನಾನು ಕಾಫಿಯಲ್ಲೇ ಅದನ್ನು ದಾಟಿಬಿಟ್ಟಿದ್ದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡು, ಆದರೆ ಯಾವತ್ತು ಮಾಡಿದೆ ಅಂತ ನನಗೆ ಹೇಳಬೇಡ ಅಂತ ನನ್ನಾಕೆ ಜೊತೆ ಒಪ್ಪಂದ ಆಯಿತು. ಈಗ ಅರ್ಧ ಚಮಚಕ್ಕೆ ಬಂದು ನಿಂತಿದ್ದೇನೆ. ಮೊನ್ನೆ ನೆಂಟರ ಮನೆಯಲ್ಲಿ ಕೊಟ್ಟ ಕಾಫಿ ಪಾಯಸ ಕುಡಿದ ಹಾಗಿತ್ತು.

ಎಣ್ಣೆಗೆ ಒಂದು ಉಪಾಯ ಹೇಳುತ್ತೇನೆ, ಇದಕ್ಕೆ ಚಮಚ ಹಿಡಿದು ಅಳೆಯೋದೂ ಬೇಡ. ಹೊಸ ಪ್ಯಾಕೆಟ್ ಕತ್ತರಿಸಿದ ದಿನ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕ, ಒಂದು ಗುಂಡು ಹಾಕು. ನಮ್ಮ ಮನೆಯಲ್ಲಿ ಮೂರು ಜನ, ಲೀಟರ್ ಎಣ್ಣೆ ಒಂಬತ್ತು ದಿನಕ್ಕೆ ಖಾಲಿ. ಲೀಟರ್ ಅಂದರೆ ಸುಮಾರು 910 ಗ್ರಾಂ, ತಲೆಗೆ ದಿನಕ್ಕೆ 34 ಗ್ರಾಂ ಬಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ 27 ಗ್ರಾಂ ಅಂತ ಇದೆ. ಯಾರಿಗೂ ಬೈಯಲಿಲ್ಲ, ಗುಂಡು ಮಾತ್ರ ಹಾಕುತ್ತಾ ಬಂದೆವು. ಪೂರಿ ಮಾಡಿದ ವಾರ ಯಾವುದು ಅಂತ ಕ್ಯಾಲೆಂಡರೇ ಹೇಳುತ್ತಿತ್ತು. ಈಗ ಪ್ಯಾಕೆಟ್ ಹದಿಮೂರು ಹದಿನಾಲ್ಕು ದಿನ ಬರುತ್ತದೆ.

ಅನ್ನ ಬಿಡಬೇಡ ಕಣೋ. ತಟ್ಟೆಯಲ್ಲಿ ಸರದಿ ಬದಲಾಯಿಸು ಸಾಕು. ಮೊದಲು ಪಲ್ಯ, ಕೋಸಂಬರಿ, ಕಾಳು, ಆಮೇಲೆ ಅನ್ನ. ತರಕಾರಿ ಮೊದಲು ಒಳಗೆ ಹೋದರೆ ಊಟದ ನಂತರ ಸಕ್ಕರೆ ಅಷ್ಟು ಜೋರಾಗಿ ಏರಲ್ಲ, ಹೊಟ್ಟೆಯಲ್ಲಿ ಎರಡನೇ ಸಲದ ಅನ್ನಕ್ಕೆ ಜಾಗವೂ ಇರಲ್ಲ. ಮದುವೆಮನೆ ಎಲೆಯಲ್ಲೂ ಪಲ್ಯ ಕೋಸಂಬರಿ ಮೊದಲೇ ಬಂದು ಕೂತಿರುತ್ತವೆ ಅಲ್ವಾ, ನಾವೇ ಅನ್ನಕ್ಕೆ ಕಾಯುತ್ತಾ ಪಕ್ಕದವನ ಹತ್ತಿರ ಮಾತಾಡುತ್ತಿರುತ್ತೇವೆ. ಹಾಂ, ಮುದ್ದೆ ತಿಂದರೆ ಏನೂ ಆಗಲ್ಲ ಅಂತ ನಿನ್ನ ಗುಂಪಿನಲ್ಲಿ ಯಾರೋ ಹೇಳಿದರಂತೆ. ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಜಾಸ್ತಿ, ನಾರು ಇದೆ. ಆದರೆ ಅದರಲ್ಲೂ ಪಿಷ್ಟವೇ ಹೆಚ್ಚು. ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ ಗದ್ದೆಗೆ ಇಳಿಯುತ್ತಿದ್ದ ತಾತನ ಲೆಕ್ಕ, ಆಫೀಸಿನ ಕುರ್ಚಿಗೆ ಇಳಿಯುವ ನಮಗೆ ಒಪ್ಪಲ್ಲ.

ಇನ್ನು ನಡಿಗೆ. ನಿನ್ನ ಕೈಯಲ್ಲಿರುವ ವಾಚಿನ ಆ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? 1964ರ ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ. ಅಂಗಡಿಯವನ ಸಂಖ್ಯೆ ಅದು. ಡಾಕ್ಟರುಗಳು ಸಾಮಾನ್ಯವಾಗಿ ಹೇಳೋದು ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ನಾನು ಅಲ್ಲಿಂದಲೂ ಶುರು ಮಾಡಲಿಲ್ಲ. ಸ್ಕೂಟರಿನಲ್ಲಿ ಹಾಲು ತರುತ್ತಿದ್ದವನು ಕೀಲಿಯನ್ನು ಗೂಟದಲ್ಲೇ ಬಿಟ್ಟು ನಡೆದು ಹೋದೆ, ಹೋಗಿ ಬರೋಕೆ ಹನ್ನೆರಡು ನಿಮಿಷ. ಹಾಲು ದಿನಾ ಬೇಕಲ್ಲ, ಹಾಗಾಗಿ ನಡಿಗೆಯೂ ತಪ್ಪಲಿಲ್ಲ. ತಿಂಗಳಾದ ಮೇಲೆ ರಾತ್ರಿ ಊಟವಾದ ತಕ್ಷಣ ಬೀದಿ ಕೊನೆಯವರೆಗೆ ಹತ್ತು ನಿಮಿಷ ಸೇರಿಸಿದೆ, ಆ ಹೊತ್ತಿನಲ್ಲಿ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಭಾನುವಾರ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಬಂದದ್ದು ಐದನೇ ತಿಂಗಳಲ್ಲಿ. ನಿನಗೂ ಕುಂದವಾಡ ಕೆರೆ ಇದೆಯಲ್ಲ.

ಬರೀ ನಡೆದರೆ ಸಾಲದು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕಂತೆ. ಅದಕ್ಕೆ ನಾನು ಕುಕ್ಕರ್ ಮೂರು ಸೀಟಿ ಹಾಕುವವರೆಗೆ ಅಡುಗೆಮನೆಯಲ್ಲೇ ಕುರ್ಚಿಯಿಂದ ಎದ್ದು ಕೂತು ಮಾಡುತ್ತೇನೆ, ಕೈ ಊರದೆ. ಮೊದಲ ದಿನ ಎಂಟಕ್ಕೆ ತೊಡೆ ನಡುಗಿತು. ಮಗಳು ಬಾಗಿಲಲ್ಲಿ ನಿಂತು ಎಣಿಸುತ್ತಾಳೆ, ಮೋಸ ಮಾಡಿದರೆ ಮತ್ತೆ ಒಂದರಿಂದ.

ತಪ್ಪಿಲ್ಲ ಅಂತಲ್ಲ. ಜುಲೈ ಮಳೆಯಲ್ಲಿ ಹತ್ತು ದಿನ ಎಲ್ಲ ಕೆಟ್ಟುಹೋಯಿತು, ಸಂಜೆ ಬಜ್ಜಿ ಬೇರೆ. ಆದರೆ ಈ ಸಲ ಹೊಸ ಪಟ್ಟಿ ಬರೆಯೋಕೆ ಹೋಗಲಿಲ್ಲ, ಮಳೆ ನಿಂತ ಬೆಳಗ್ಗೆ ಹಾಲು ತರೋಕೆ ಹೋದೆ ಅಷ್ಟೇ. ತೂಕ ಹತ್ತು ತಿಂಗಳಲ್ಲಿ ಐದು ಕೆಜಿ ಇಳಿದಿದೆ, ಎಚ್‌ಬಿಎ1ಸಿ 5.8. ಯಾರೂ ಗುರುತಿಸಿಲ್ಲ. ಪ್ಯಾಂಟಿಗೆ ಬೆಲ್ಟ್ ಒಂದು ತೂತು ಹಿಂದೆ ಹೋಗಿದೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ನೀನು ಸಕ್ಕರೆ ಮಾತ್ರೆ ತಗೋತಿದ್ದೀಯ. ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು, ಕೆಲವು ಮಾತ್ರೆಗಳಲ್ಲಿ ಅದು ಜಾಸ್ತಿ. ಡಾಕ್ಟರನ್ನು ಕೇಳದೆ ಊಟವನ್ನೂ ಬಿಡಬೇಡ, ಮಾತ್ರೆಯನ್ನೂ ಬಿಡಬೇಡ.

ಬೆಣ್ಣೆ ದೋಸೆ ಭಾನುವಾರಕ್ಕೆ ಇರಲಿ, ಕೆರೆ ಸುತ್ತಿ ಬಂದ ಮೇಲೆ. ಆಷಾಢದ ಜನಜಂಗುಳಿ ಕಳೆದ ಮೇಲೆ ಒಂದು ಶನಿವಾರ ಮೈಸೂರಿಗೆ ಬಾ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಲ್ಲಿ ನಂದಿಯವರೆಗೆ ಹತ್ತೋಣ, ಉಳಿದದ್ದು ಇನ್ನೊಂದು ಸಲ ನೋಡಿಕೊಂಡರಾಯಿತು. ಬರುವಾಗ ಮಂಡಕ್ಕಿ ತಾ. ಮಿರ್ಚಿ ಇಲ್ಲೇ ಕರಿಯೋಣ, ತಲೆಗೆ ಎರಡೇ, ಆ ವಾರದ ಗುಂಡು ಕ್ಯಾಲೆಂಡರ್‌ನಲ್ಲಿ ನಿನ್ನ ಹೆಸರಿಗೆ.

ನಿನ್ನ,
ಹಳೇ ಬೆಂಚಿನವನು