ಸೀಸದ ಅಳತೆಪಟ್ಟಿ

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ನನಗೆ ಬೈಯೋದೂ ಹಾಗೇ ಇದೆ.

ಭಾನುವಾರ ನೀನು ಕೇಳಿದ್ದಕ್ಕೆ "ನೋಡೋಣ ಬಿಡು" ಅಂದುಬಿಟ್ಟೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ನೀನು ಟೀಮ್ ಲೀಡ್ ಆಗಿ ಇನ್ನೂ ಆರು ತಿಂಗಳಾಗಿಲ್ಲ. ನಿನ್ನ ಟೀಮಿನ ಆ ಹುಡುಗ, ತನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಎರಡು ಸಲ ಕೆಲಸ ತಡ ಮಾಡಿದ. ನೀನು ನಿಯಮ ನೋಡಿ ರೇಟಿಂಗ್ ಇಳಿಸಿದೆ. ಈಗ ಟೀಮಿನವರು ಮುಖ ಕೊಟ್ಟು ಮಾತಾಡುತ್ತಿಲ್ಲ. "ರೂಲ್ ಪ್ರಕಾರ ಮಾಡಿದ್ದೇ ತಪ್ಪಾ ದೊಡ್ಡಪ್ಪಾ?" ಅಂತ ಕೇಳಿದೆ.

ನಿವೃತ್ತಿಯಾದ ಮೇಲೆ ಲೈಬ್ರರಿ ಚಟ ಹತ್ತಿದೆಯಲ್ಲ ನನಗೆ, ಈಗ ಕೈಯಲ್ಲಿರೋದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನ ನೀತಿಶಾಸ್ತ್ರದ ಪುಸ್ತಕ 'ನಿಕೊಮೇಕಿಯನ್ ಎಥಿಕ್ಸ್'. ಸುಮಾರು 2,300 ವರ್ಷ ಹಳೆಯದು. ಅದರ ಐದನೇ ಭಾಗದಲ್ಲಿ ಗಾರೆ ಕೆಲಸದವರ ಮಾತೊಂದು ಸಿಕ್ಕಿತು. ಜೀವನವಿಡೀ ಕಲ್ಲು ಸಿಮೆಂಟಿನ ಜೊತೆ ಕಳೆದವನು ನಾನು, ಎದ್ದು ಕೂತೆ.

ಗ್ರೀಸಿನ ಲೆಸ್ಬಾಸ್ ದ್ವೀಪದಲ್ಲಿ ಗೋಡೆ ಕಟ್ಟುವವರು ಸೀಸದ ಅಳತೆಪಟ್ಟಿ ಇಟ್ಟುಕೊಳ್ಳುತ್ತಿದ್ದರಂತೆ. ಅಲ್ಲಿನ ಗೋಡೆಗಳಲ್ಲಿ ಕಲ್ಲಿನ ಅಂಚು ನೇರ ಇರುತ್ತಿರಲಿಲ್ಲ, ಬಾಗಿರುತ್ತಿತ್ತು. ನೆಟ್ಟಗಿನ ಪಟ್ಟಿ ಇಟ್ಟು ಏನು ಅಳೆಯುತ್ತೀ? ಸೀಸವಾದರೆ ಮೆತ್ತಗೆ. ಕಲ್ಲಿಗೆ ಒತ್ತಿದರೆ ಅದರ ಆಕಾರಕ್ಕೇ ಬಗ್ಗುತ್ತದೆ. ಅರಿಸ್ಟಾಟಲ್ ಹೇಳೋದು, ಕಾನೂನು ಎಲ್ಲರಿಗೂ ಸೇರಿಸಿ ಬರೆದದ್ದು. ಅದಕ್ಕೆ ಹೊಂದದ ಸಂಗತಿ ಎದುರಾಗೇ ಆಗುತ್ತದೆ. ಅದು ಕಾನೂನಿನ ತಪ್ಪೂ ಅಲ್ಲ, ಬರೆದವನ ತಪ್ಪೂ ಅಲ್ಲ. ಬದುಕಿನ ವ್ಯವಹಾರ ಇರೋದೇ ಹಾಗೆ. ಅಂಥ ಕಡೆ, ನಿಯಮ ಬರೆದವನೇ ಇಲ್ಲಿ ನಿಂತಿದ್ದರೆ ಏನು ಹೇಳುತ್ತಿದ್ದ ಅಂತ ಯೋಚಿಸಿ ತಿದ್ದಿಕೊಳ್ಳಬೇಕು.

ನನಗೆ ಇದು ಗೊತ್ತಾಗಿದ್ದು ಏಟು ತಿಂದ ಮೇಲೆ. ಆಗ ನನಗೂ ನಿನ್ನದೇ ವಯಸ್ಸು. ಒಂದು ತಡೆಗೋಡೆ ಕೆಲಸಕ್ಕೆ ಸೈಟ್ ಇಂಜಿನಿಯರ್ ಆಗಿದ್ದೆ. ಎಂಟು ಗಂಟೆ ದಾಟಿ ಬಂದವರಿಗೆ ಅರ್ಧ ದಿನದ ಕೂಲಿ ಅಂತ ನಿಯಮ. ಒಂದು ಬೆಳಿಗ್ಗೆ ಹಿರಿಯ ಮೇಸ್ತ್ರಿ ಎಂಟೂ ಇಪ್ಪತ್ತಕ್ಕೆ ಬಂದ. ಕ್ವಾರಿಗೆ ಹೋಗಿ ಬಿರುಕು ಬಿಟ್ಟ ಕಲ್ಲಿನ ಒಂದು ಲೋಡನ್ನು ವಾಪಸ್ ಕಳಿಸಿ ಬಂದಿದ್ದ. ನಾನು ಮಸ್ಟರ್ ರೋಲಿನಲ್ಲಿ ಅರ್ಧ ದಿನ ಅಂತ ಬರೆದೆ. ಅವನೇನೂ ಅನ್ನಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು, ತೂಕದ ಗುಂಡು ತಗೊಂಡು ಕೆಲಸಕ್ಕೆ ಹೋದ. ಮಾರನೇ ದಿನದಿಂದ ಸರಿಯಾಗಿ ಎಂಟಕ್ಕೆ ಹಾಜರ್. ಕ್ವಾರಿ ಕಡೆ ತಲೆ ಹಾಕಲಿಲ್ಲ. ಬಂದ ಕಲ್ಲನ್ನೇ ಕಟ್ಟಿದ. ಎರಡು ತಿಂಗಳಲ್ಲಿ ಹತ್ತು ಮೀಟರ್ ಗೋಡೆ ಕಿತ್ತು ಮತ್ತೆ ಕಟ್ಟಿಸಬೇಕಾಯಿತು. ನನ್ನ ರಿಜಿಸ್ಟರ್ ಮಾತ್ರ ಅಚ್ಚುಕಟ್ಟು!

ಹಾಗಂತ ನಿಯಮವನ್ನು ಗಾಳಿಗೆ ತೂರು ಅಂತಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಸೀಸದ ಪಟ್ಟಿ ಬಗ್ಗೋದು ಕಲ್ಲಿನ ಆಕಾರಕ್ಕೆ, ಮೇಸ್ತ್ರಿಯ ಮರ್ಜಿಗಲ್ಲ. ನಿನಗೆ ಬೇಕಾದವರು ಅಂತ ಬಗ್ಗಿಸಿದರೆ ಅದು ಬರೀ ವಶೀಲಿ.

ಸಂದರ್ಭಕ್ಕೆ ತಕ್ಕದ್ದು ಯಾವುದು ಅಂತ ಕಾಣುವ ಈ ಬುದ್ಧಿಗೆ ಗ್ರೀಕರು 'ಫ್ರೊನೆಸಿಸ್' ಅನ್ನುತ್ತಿದ್ದರು. ಪುಸ್ತಕದವರು ವಿವೇಕ ಅನ್ನಬಹುದು. ನನಗೆ 'ಹದ' ಅನ್ನೋದೇ ಸರಿ ಅನ್ನಿಸುತ್ತದೆ. ಗಾರೆಗೆ ನೀರು ಎಷ್ಟು ಅಂತ ಮೇಸ್ತ್ರಿ ಕೈಯಲ್ಲಿ ಹಿಡಿದು ನೋಡ್ತಾನಲ್ಲ, ಅದು. ಕುಸ್ತಿಪಟು ಮೈಲೋನ ಉದಾಹರಣೆಯನ್ನೂ ಅರಿಸ್ಟಾಟಲ್ ಕೊಡುತ್ತಾನೆ. ಒಬ್ಬನಿಗೆ ಹತ್ತು ಪಾಲು ಊಟ ಜಾಸ್ತಿ, ಎರಡು ಪಾಲು ಕಮ್ಮಿ. ಹಾಗಾದರೆ ಎಲ್ಲರಿಗೂ ಆರು ಬಡಿಸು ಅಂತ ಗುರು ಹೇಳುವುದಿಲ್ಲ. ಮೈಲೋಗೆ ಆರು ಸಾಲದು, ಹೊಸಬನಿಗೆ ಅದೇ ಹೆಚ್ಚು. ಸುಮ್ನೆ ಕೂಡಿ ಭಾಗಿಸಿದರೆ ಹದ ಸಿಗೋದಿಲ್ಲ, ಅಲ್ವಾ?

ನಿನ್ನಂಥ ಲೆಕ್ಕದ ಹುಡುಗಿಗೆ ಇನ್ನೊಂದು ಮಾತು. ಚಿಕ್ಕ ವಯಸ್ಸಿನಲ್ಲಿ ಜ್ಯಾಮಿತಿಯಲ್ಲಿ ಜಾಣರಾಗಬಹುದು, ಫ್ರೊನೆಸಿಸ್ ಮಾತ್ರ ಬರೋದಿಲ್ಲ ಅಂತಾನೆ ಅರಿಸ್ಟಾಟಲ್. ಅದಕ್ಕೆ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು. ಬೇಜಾರಾಗಬೇಡ. ವೀಣೆ ನುಡಿಸುತ್ತಲೇ ವೈಣಿಕರಾಗುವ ಹಾಗೆ (ಅವನು ಹೇಳಿದ್ದು ಅವರ ಲೈರ್ ವಾದ್ಯದ ಬಗ್ಗೆ), ಇದೂ ಮಾಡುತ್ತಲೇ ಬರುವುದು. ಮತ್ತೆ, ಆತ ಹೇಳಿದ್ದೆಲ್ಲಕ್ಕೂ ತಲೆಯಾಡಿಸಬೇಡ. ಗುಲಾಮಗಿರಿ ಸರಿ ಅಂದವನೂ ಅವನೇ. ಹೆಂಗಸರ ವಿವೇಚನೆ ಬಗ್ಗೆ ಬರೆದದ್ದನ್ನು ನಿನ್ನ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವತ್ತು ನನಗೆ ಎರಡನೇ ಕಾಫಿ ಸಿಗಲಿಲ್ಲ.

ಯೋಚನೆ ನಿಧಾನ ಇರಲಿ, ತೀರ್ಮಾನಿಸಿದ್ದನ್ನು ಬೇಗ ಮಾಡು ಅನ್ನುವ ಮಾತೂ ಆ ಪುಸ್ತಕದಲ್ಲಿದೆ. ರೇಟಿಂಗ್ ಬದಲಿಸಲು ಶುಕ್ರವಾರದವರೆಗೆ ಸಮಯ ಇದೆ ಅಂದೆಯಲ್ಲ. ಬದಲಿಸು ಅಂತ ನಾನು ಹೇಳಲ್ಲ. ಆ ಕಲ್ಲನ್ನು ಕಣ್ಣಾರೆ ನೋಡಿದವಳು ನೀನು, ನಾನಲ್ಲ. ಆದರೆ ಅವನನ್ನು ಕೂರಿಸಿಕೊಂಡು ಒಂದು ಸಲ ಮಾತಾಡು. ಮೀಟಿಂಗ್ ರೂಮ್ ಬೇಡ, ಕೆಳಗೆ ಟೀ ಅಂಗಡಿಗೆ ಕರೆದುಕೊಂಡು ಹೋಗು.

ಅಂದಹಾಗೆ, ಅವನ ಅಪ್ಪ ಈಗ ಹೇಗಿದ್ದಾರೆ? ಅರ್ಧ ಗಂಟೆ ಮಾತಾಡಿದೆ, ಅದೊಂದನ್ನು ನೀನು ಹೇಳಲೇ ಇಲ್ಲ.

ಇಂತಿ,
ನಿನ್ನ ದೊಡ್ಡಪ್ಪ