ಭಾರ ಅಂದುಕೊಂಡು ಸುಮ್ಮನಿರಬೇಡ

ಚಿ|| ಸೌ|| ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನಗೆ ಲೂಪಸ್ ಎಂದು ಬಂದ ರಿಪೋರ್ಟಿನ ವಿಷಯವೆಲ್ಲ ನಿನ್ನಮ್ಮ ಹೇಳಿದ್ದಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: 'ದಿನಾ ಸುಸ್ತು ಅಂದರೆ ಎಲ್ಲರಿಗೂ ಭಾರವಾಗ್ತೀನಿ, ಅದಕ್ಕೇ ಹೇಳೋದು ಬಿಟ್ಟಿದ್ದೀನಿ.'

ದೇಹದ ರಕ್ಷಣೆಯೇ ದೇಹವನ್ನು ಕಾಡುವ ಈ ಲೂಪಸ್‌ನಲ್ಲಿ ನನಗೆ ಭಯವಾಗುವುದು ಇದಕ್ಕೇ. ಕೆನ್ನೆಯ ಕೆಂಪು ಎಲ್ಲರಿಗೂ ಕಾಣುತ್ತದೆ. ಮೂತ್ರಪಿಂಡಕ್ಕೆ ತಗುಲಿದ್ದು ಎಷ್ಟೋ ದಿನ ನೋವೇ ಇಲ್ಲದೆ ಸಾಗುತ್ತದೆ. ಬೆಳಗ್ಗೆ ಕಣ್ಣಿನ ಸುತ್ತ ಊತ, ಬಾತುಕೊಂಡ ಪಾದ, ಇವನ್ನು ನಿನಗಿಂತ ಮೊದಲು ಎದುರಿಗೆ ಕೂತು ಕಾಫಿ ಕುಡಿಯುವವರು ಗುರುತಿಸಬಲ್ಲರು. ಆದರೆ ಏನು ನೋಡಬೇಕೆಂದು ಅವರಿಗೆ ಗೊತ್ತಿರಬೇಕಲ್ಲ?

ನಾನು ನರ್ಸಾಗಿದ್ದ ಕಾಲದಲ್ಲಿ ಮಾತ್ರೆ ಎಣಿಸಿ ಕೊಡುತ್ತಿದ್ದೆವು, ಬಿ.ಪಿ. ಬರೆಯುತ್ತಿದ್ದೆವು. 'ಮನೇಲಿ ಜೊತೆಗೆ ಯಾರಿದ್ದಾರಮ್ಮ' ಎಂದು ಕೇಳುವ ರೂಢಿ ಇರಲಿಲ್ಲ. ಅದು ಈಗಲೂ ಕೊರೆಯುತ್ತದೆ. ಈ ಕಾಯಿಲೆಯವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಸುಸ್ತನ್ನು ನುಂಗಿಕೊಂಡು ಅಡುಗೆಮನೆಗೆ ಹೋಗುವುದೂ ಅವರೇ.

ಭಾರ ಎನ್ನುತ್ತೀಯ. ಮನೆಯವರಿಗೆ ನಿಜಕ್ಕೂ ಭಾರವಾಗುವುದು ಕಾರಣ ತಿಳಿಯದ ಸುಸ್ತು. ಯಾಕೆ ಸಿಡುಕಿದಳು, ಯಾಕೆ ಗೃಹಪ್ರವೇಶಕ್ಕೆ ಬರಲಿಲ್ಲ ಎಂದು ಅವರೇ ಏನೇನೋ ಊಹಿಸಿಕೊಳ್ಳುತ್ತಾರೆ. 'ಇವತ್ತು ನನ್ನ ಶಕ್ತಿ ಹತ್ತಕ್ಕೆ ಮೂರು' ಎಂದರೂ ಸಾಕು.

ನಿನಗೆ ಸರಿ ಕಂಡರೆ ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸು. ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಡಾಕ್ಟರ ನಂಬರು. ಕೆಳಗೆ ಇಷ್ಟು: 100.4 ಡಿಗ್ರಿ ಜ್ವರ, ಉಸಿರೆಳೆದರೆ ಎದೆನೋವು, ನೊರೆನೊರೆ ಮೂತ್ರ ಕಂಡರೆ ಕಾಯದೆ ಫೋನ್ ಮಾಡುವುದು. ವಾಂತಿಯಾಗಿ ಸ್ಟೀರಾಯ್ಡ್ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆ. ವಾರಗಟ್ಟಲೆ ನುಂಗಿದವರ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಮಾತ್ರೆ ಥಟ್ಟನೆ ನಿಂತರೆ ಬಿ.ಪಿ. ಕುಸಿಯಬಹುದು. ಇದು ರಘುವಿಗೆ ಬಾಯಿಪಾಠವಾಗಿರಲಿ.

ನಿನ್ನ ಅತ್ತೆಯವರಿಗೆ, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಗುಣ ತೋರಿಸಲು ಎರಡು ಮೂರು ತಿಂಗಳು ಬೇಕೆಂದು ಈಗಲೇ ಹೇಳಿಡು. ಇಲ್ಲದಿದ್ದರೆ ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿ ಕಷಾಯ ಬರುತ್ತದೆ, ಪ್ರೀತಿಯಿಂದಲೇ ಬರುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬಿದ್ದ ಕಾಯಿಲೆ ಇದು. ಅದನ್ನು ಇನ್ನಷ್ಟು ಕೆರಳಿಸುವುದು ಬೇಡ.

'ಸಹಾಯ ಮಾಡಿ' ಎಂದರೆ ಯಾರಿಗೂ ತಿಳಿಯುವುದಿಲ್ಲ. ಬಟ್ಟೆ ಒಣಹಾಕುವುದು, ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಹೀಗೆ ಹೆಸರಿಟ್ಟು ಕೇಳು. ಬಿಸಿಲಿನ ಕೆಲಸಗಳನ್ನೇ ಮೊದಲು ಬಿಟ್ಟುಕೊಡು, ಬಿಸಿಲಿಗೆ ಕಾಯಿಲೆ ಉಲ್ಬಣಿಸುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ತಂಗಿಯೂ ಬರಲಿ, ಡೋಸ್ ಬದಲಾದರೆ ಅವಳು ಬರೆದುಕೊಳ್ಳಲಿ.

ಮತ್ತೆ ಅದೇ ಮಾತು, ಬೇಜಾರಾಗಬೇಡ. ಭಾರ ಎನ್ನುವ ಯೋಚನೆ ಎರಡು ವಾರವಾದರೂ ಬಿಡದೆ, ನಿದ್ದೆ ಕೆಟ್ಟು, ಏನೂ ಬೇಡವೆನಿಸಿದರೆ ಅದನ್ನೂ ಡಾಕ್ಟರಿಗೆ ಹೇಳು. ಕಾಯಿಲೆಯಿಂದಲೂ ಸ್ಟೀರಾಯ್ಡಿನಿಂದಲೂ ಮನಸ್ಸು ಕುಗ್ಗುತ್ತದೆ. ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಮಾಡಿದರೂ ಎತ್ತುತ್ತೇನೆ.

ಭಾನುವಾರ ಸಂಜೆ ನಾನೇ ಮಾಡುತ್ತೇನೆ. ಚೀಟಿಯಲ್ಲಿ ಏನು ಬರೆದೆ ಎಂದು ಓದಿ ಹೇಳು.

ಇಂತಿ,
ನಿನ್ನ ದೊಡ್ಡಮ್ಮ