ತರಗತಿಯ ವೆಬ್‌ಸೈಟ್ ಬಗ್ಗೆ ದೂರು

ಇಂದ:
ಮೂರನೇ ತರಗತಿ ವಿದ್ಯಾರ್ಥಿಯ ತಾಯಿ,
ತಿಪಟೂರು

ಗೆ:
ವ್ಯವಸ್ಥಾಪಕರು,
ಶಾಲಾ ವೆಬ್‌ಸೈಟ್ ಸೇವೆ ಕೊಡುವ ಕಂಪನಿ

ವಿಷಯ: ಹೋಮ್‌ವರ್ಕ್ ಸಿಗದಿರುವುದು, ಕನ್ನಡ ಕಾಣದಿರುವುದು, ಮಕ್ಕಳ ಫೋಟೊ ಎಲ್ಲರಿಗೂ ತೆರೆದಿರುವುದು

ಮಾನ್ಯರೇ,

ನನ್ನ ಮಗನ ಶಾಲೆಯಲ್ಲಿ ಪ್ರತಿ ತರಗತಿಗೂ ಒಂದೊಂದು ವೆಬ್‌ಸೈಟ್ ಪುಟ ಮಾಡಿಕೊಟ್ಟವರು ನೀವು. ಅದಕ್ಕೆಂದೇ ಫೀಸಿನ ಜೊತೆ ವರ್ಷಕ್ಕೆ 600 ರೂಪಾಯಿ ಕಟ್ಟುತ್ತಿದ್ದೇವೆ.

ಎರಡು ವಾರದ ಹಿಂದೆ ಮಗ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದ. ಪರಿಸರ ಅಧ್ಯಯನಕ್ಕೆ ಐದು ಬಗೆಯ ಎಲೆ ತರಬೇಕಿತ್ತಂತೆ. ಇವನು ಬರಿಗೈಲಿ ಹೋಗಿದ್ದ. ನಮ್ಮ ಹಿತ್ತಲಲ್ಲೇ ಕರಿಬೇವು, ದಾಸವಾಳ, ಸೀಬೆ, ನುಗ್ಗೆ, ವೀಳ್ಯದೆಲೆ ಎಲ್ಲ ಇವೆ! ಸೂಚನೆ ಎಲ್ಲಿತ್ತು ಅಂತ ಹುಡುಕಿದೆ. ಮೊದಲು ಶಾಲೆ ಕಟ್ಟಡದ ಫೋಟೊ, ಆಮೇಲೆ ವಾರ್ಷಿಕೋತ್ಸವದ್ದು, ಅದರ ಕೆಳಗೆ ಅಡ್ಮಿಷನ್ ಪ್ರಕಟಣೆ. ಆರು ಕಡೆ ಒತ್ತಿದ ಮೇಲೆ 11 ಎಂಬಿಯ ಒಂದು ಪಿಡಿಎಫ್ ಸಿಕ್ಕಿತು. ಸ್ಕ್ಯಾನ್ ಮಾಡಿದ ಕೈಬರಹ. ಅದರ ಮೂರನೇ ಪುಟದ ಕೊನೆಯಲ್ಲಿ ಆ ಒಂದು ಸಾಲು ಇತ್ತು.

ನನಗೇ ತಿಳಿಯುತ್ತಿಲ್ಲವೇನೋ ಅಂದುಕೊಂಡು, ಹೋದ ಶನಿವಾರ ಐದು ಜನ ತಾಯಂದಿರು ನಮ್ಮ ಮನೆ ಜಗುಲಿಯಲ್ಲಿ ಕೂತು ಅವರವರ ಫೋನಿನಲ್ಲೇ ನೋಡಿದೆವು. ಮೂರೇ ಕೆಲಸ ಇಟ್ಟುಕೊಂಡೆವು. ಇವತ್ತಿನ ಹೋಮ್‌ವರ್ಕ್ ಹುಡುಕೋದು, ಮುಂದಿನ ಟೆಸ್ಟ್ ಯಾವತ್ತು ಅಂತ ನೋಡೋದು, ಟೀಚರ್‌ಗೆ ಒಂದು ಮಾತು ಕಳಿಸೋದು. ಮೂರನ್ನೂ ಮುಗಿಸಿದ್ದು ಒಬ್ಬರೇ. ಅವರಿಗೂ 20 ನಿಮಿಷ ಹಿಡಿಯಿತು.

ಪಕ್ಕದ ಮನೆ ಅಕ್ಕ ಬಟ್ಟೆ ಹೊಲಿಯುತ್ತಾರೆ, ಕನ್ನಡ ಪೇಪರ್ ದಿನಾ ಓದುತ್ತಾರೆ. ಅವರ ಫೋನಿನಲ್ಲಿ ಕನ್ನಡ ಸೂಚನೆ ಇರಬೇಕಾದ ಕಡೆ ಬರೀ ಇಂಗ್ಲಿಷ್ ಅಕ್ಷರ, ಅದರ ಮೇಲೆ ಗೆರೆ, ಚುಕ್ಕೆ. ಫೋನನ್ನು ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಇಷ್ಟು ದಿನ ತಮ್ಮ ಕಣ್ಣೇ ಸರಿಯಿಲ್ಲ ಅಂದುಕೊಂಡಿದ್ದರಂತೆ. ನನಗೆ ತುಂಬಾ ಬೇಜಾರಾಯಿತು. ಟೀಚರ್‌ಗಳು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದನ್ನು ನೀವು ಹಾಗೇ ಅಂಟಿಸಿದ್ದೀರಿ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಅದನ್ನು ಯುನಿಕೋಡ್‌ಗೆ, ಅಂದರೆ ಈಗಿನ ಫೋನುಗಳಲ್ಲೆಲ್ಲ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಬದಲಾಯಿಸುವ ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತದೆ. ವೆಬ್‌ಸೈಟ್ ಮಾಡುವವರಿಗೆ ಇದು ಗೊತ್ತಿರಬೇಕು, ಅಲ್ವಾ? ತಿಳಿ ಹಳದಿ ಮೇಲೆ ಬಿಳಿ ಅಕ್ಷರ ಹಾಕಿರುವುದೂ ಓದಲು ಆಗುತ್ತಿಲ್ಲ.

ಇದೆಲ್ಲಕ್ಕಿಂತ ಜಾಸ್ತಿ ಭಯವಾಗಿದ್ದು ಹುಟ್ಟುಹಬ್ಬದ ಪುಟ ನೋಡಿ. ಮಗುವಿನ ಫೋಟೊ, ಪೂರ್ತಿ ಹೆಸರು, ಹುಟ್ಟಿದ ತಾರೀಖು, ಶಾಲೆ ವ್ಯಾನು ಹತ್ತುವ ಸ್ಟಾಪ್, ಎಲ್ಲ ಒಂದೇ ಕಡೆ. ಪಾಸ್‌ವರ್ಡ್ ಇಲ್ಲ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಯಾರನ್ನೂ ಒಂದು ಮಾತು ಕೇಳಿಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಎಂಟು ವರ್ಷದ ಮಗು ಬೆಳಿಗ್ಗೆ ಎಲ್ಲಿ ನಿಂತಿರುತ್ತದೆ ಅನ್ನೋದು ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಎರಡು ಸಲ ಮೇಲ್ ಮಾಡಿದೆ. ಎರಡು ಸಲವೂ ಬಂದಿದ್ದು ಒಂದೇ ಸಿದ್ಧ ಉತ್ತರ, ಇಂಗ್ಲಿಷಿನಲ್ಲಿ.

ಈ ಪತ್ರ ಕೈಸೇರಿದ ದಿನವೇ ಹುಟ್ಟುಹಬ್ಬದ ಪುಟ ತೆಗೆಯಿರಿ. ಗೂಗಲ್ ಹುಡುಕಾಟದಲ್ಲೂ ಅದು ಸಿಗದ ಹಾಗೆ ಮಾಡಿ. 15 ದಿನದೊಳಗೆ ಆ ದಿನದ ಹೋಮ್‌ವರ್ಕ್ ತರಗತಿ ಪುಟದ ತಲೆಯಲ್ಲೇ ಕಾಣಬೇಕು. ಪಿಡಿಎಫ್ ಬೇಡ, ಯುನಿಕೋಡ್ ಕನ್ನಡದಲ್ಲಿ ನೇರವಾಗಿ ಬರೆದಿರಲಿ. ಟೀಚರ್‌ಗಳೇ ಫೋನಿನಿಂದ ಅದನ್ನು ಹಾಕುವಂತಿರಲಿ. ಪಾಪ, ಅವರೂ ನಿಮಗೆ ಕಳಿಸಿ ಕಾಯುತ್ತಿದ್ದಾರೆ.

15 ದಿನ ಕಳೆದ ಮೇಲಿನ ಶನಿವಾರ ನಾವು ಐದೂ ಜನ ಅದೇ ಮೂರು ಕೆಲಸ ಮತ್ತೆ ಮಾಡಿ ನೋಡುತ್ತೇವೆ. ಏನಾಯಿತು ಅಂತ ಬರೆದು ಮುಖ್ಯ ಶಿಕ್ಷಕಿಯವರಿಗೆ ಕೊಡುತ್ತೇವೆ. ನಿಮ್ಮ ಒಪ್ಪಂದ ಮುಂದುವರಿಸುವ ಮುಂಚೆ ಅದನ್ನು ನೋಡುವುದಾಗಿ ಅವರು ಒಪ್ಪಿದ್ದಾರೆ. ಆ ದಿನ ನಿಮ್ಮ ಕಡೆಯಿಂದಲೂ ಒಬ್ಬರು ಬಂದು ಅಕ್ಕನ ಪಕ್ಕದಲ್ಲಿ ಕೂತು ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ತರಗತಿಯ ಒಬ್ಬ ತಾಯಿ
(ಜೊತೆಗೆ ನಾಲ್ವರು ತಾಯಂದಿರ ಸಹಿ ಇದೆ)